ಚಿರತೆ ಅಂಗಿಯ ಅಳತೆ

ತಂಗಿ ಚಿರತೆ ಚುಕ್ಕೆಯ ಅಂಗಿ ಹಾಕಲು ಶುರುಮಾಡಿ ಇಪ್ಪತ್ತೆರಡು ವರ್ಷವಾಗಿತ್ತು. ಮದುವೆಗೋ ಪಾರ್ಟಿಗೋ ಹಾಕಿಕೊಂಡಿದ್ದರೆ ಅಕ್ಕ ಸುಮ್ಮನಿರುತ್ತಿದ್ದಳೇನೋ. ಇವಳು ಹಾಕುತ್ತಿದ್ದದ್ದು ಕೆಲಸಕ್ಕೆ, ತರಕಾರಿ ತರಲು, ಬ್ಯಾಂಕಿನ ಸಾಲಿನಲ್ಲಿ ನಿಲ್ಲಲು, ಮಂಗಳವಾರ ಬುಧವಾರದಂಥ ಬಡಪಾಯಿ ದಿನಗಳಲ್ಲಿ. ಬೀದಿಗೆಲ್ಲ ಬಟ್ಟೆ ಹೊಲಿದುಕೊಡುವ ಅಕ್ಕನಿಗೆ, ಸ್ವಂತ ತಂಗಿಯೇ ಕಾಡುಮೃಗದ ಚರ್ಮ ಹೊದ್ದವಳ ಹಾಗೆ ಹಾಡಹಗಲಲ್ಲಿ ಹೊರಡುವುದು ನುಂಗಲಾರದ ತುತ್ತಾಗಿತ್ತು.

“ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರೆ ಕಣೇ” ಎಂದು ಅಕ್ಕ ಹೇಳಿದರೆ, “ಪರರಿಗೂ ಇದೇ ಇಷ್ಟ, ಬೇಕಾದ್ರೆ ಕೇಳಿ ನೋಡು” ಎನ್ನುತ್ತಿದ್ದಳು ತಂಗಿ.

“ಹುಲಿ ನೋಡಿ ನರಿ ಮೈ ಸುಟ್ಕೊಂಡಿತಂತೆ.”

“ಅದು ಹುಲಿ. ಇದು ಚಿರತೆ. ಇಷ್ಟು ವರ್ಷ ಬಟ್ಟೆ ಹೊಲಿದ್ರೂ ನಿಂಗೆ ಪಟ್ಟೆ ಯಾವುದು ಚುಕ್ಕೆ ಯಾವುದು ಗೊತ್ತಾಗಲಿಲ್ವಲ್ಲ ಅಕ್ಕ.”

ಅಕ್ಕನ ಸ್ವಂತ ಬಟ್ಟೆಗಳೆಲ್ಲ ಬೂದು, ಇಲ್ಲವೇ ಬೂದಿಗೆ ಹತ್ತಿರದ್ದು. ನೂಲು ಅಂಟಿದರೆ ಕಾಣುವುದಿಲ್ಲ ಎಂಬುದು ಅವಳು ಕೊಡುತ್ತಿದ್ದ ಕಾರಣ. “ನೀನೂ ಪ್ರಾಣಿನೇ ಹಾಕ್ಕೊಳ್ಳೋದು” ಎಂದು ತಂಗಿ ಕಣ್ಣು ಮಿಟುಕಿಸುತ್ತಿದ್ದಳು. “ಇಲಿ.”

ತಂಗಿಯ ಕೆಲಸ ಬಸ್ ಡಿಪೋದಲ್ಲಿ. ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನು ಇಟ್ಟುಕೊಂಡು, ಕೇಳಿಕೊಂಡು ಬಂದವರಿಗೆ ಗುರುತು ವಿಚಾರಿಸಿ ಹಿಂದಿರುಗಿಸುವ ಕೌಂಟರು ಅವಳದು. ಬೆನ್ನ ಹಿಂದೆ ಛತ್ರಿಗಳು, ಊಟದ ಡಬ್ಬಿಗಳು, ಒಂಟಿ ಕೈಚೀಲಗಳು, ಒಮ್ಮೆ ಯಾರದೋ ಪೂರ್ತಿ ಹಲ್ಲಿನ ಸೆಟ್ಟು. ಅದನ್ನು ಬಿಟ್ಟುಹೋದವರು ಮನೆಗೆ ಹೋಗಿ ಏನು ತಿಂದರೋ ಎಂದು ಅವಳು ವಾರಗಟ್ಟಲೆ ನಕ್ಕಿದ್ದಳು. ಡಿಪೋದ ಡ್ರೈವರು ಕಂಡಕ್ಟರುಗಳಿಗೆಲ್ಲ ಅವಳು ಚಿರತೆ ಮೇಡಮ್ಮು. “ಚಿರತೆ ಹತ್ರ ಕೇಳ್ರಿ, ಸಿಕ್ಕಿದ್ರೆ ಅಲ್ಲೇ ಇರುತ್ತೆ” ಎಂದು ಜನರನ್ನು ಕಳಿಸುತ್ತಿದ್ದರು.

“ಕಳ್ಕೊಂಡು ಬಂದವರ ಮುಖ ನೋಡಿದೀಯಾ ಅಕ್ಕ ನೀನು?” ಎಂದು ಅವಳು ಒಂದು ದಿನ ಕೇಳಿದ್ದಳು. “ಹರಕಲು ಛತ್ರಿ ಹೋದ್ರೂ ಮನೆಯವರು ಹೋದ ಹಾಗೆ ಬಂದು ನಿಲ್ತಾರೆ. ಕಿಟಕಿಯೊಳಗೆ ನನ್ನ ನೋಡಿ ಒಂದು ಗಳಿಗೆ ಛತ್ರಿ ಮರೀತಾರೆ. ಅಷ್ಟು ಸಾಕು.”

ಹಾಗಂತ ಸಿಕ್ಕಿದ್ದನ್ನೆಲ್ಲ ಮೈಮೇಲೆ ಹೇರಿಕೊಳ್ಳುವ ಪೈಕಿಯಲ್ಲ ಅವಳು. ಮೈಮೇಲೆ ಒಂದೇ ಮೃಗ ಇರಬೇಕು ಎನ್ನುತ್ತಿದ್ದಳು. ಅಂಗಿ ಚಿರತೆಯಾದರೆ ಕೆಳಗೆ ಬೂದು ಲಂಗ, ಮೇಲೆ ಗುಂಡಿ ಹಾಕದ ಕಂದು ಸ್ವೆಟರು, ಕಾಲಿಗೆ ಚಪ್ಪಟೆ ಶೂ. ಅಂಗಿ ಸಾದಾ ಇದ್ದ ದಿನ ಕುತ್ತಿಗೆಗೆ ಚಿರತೆಯ ಸ್ಕಾರ್ಫು, ಅದೂ ಗಂಟು ಹಾಕದೆ. ಹೊಳೆಯುವ ಬಟ್ಟೆ ಕೂಡದು, ಹತ್ತಿಯೇ ಆಗಬೇಕು. ಎಲ್ಲಕ್ಕಿಂತ ದೊಡ್ಡ ಗುಟ್ಟು ಎಂದರೆ, ಬಿಳಿ ಅಂಗಿ ಹಾಕಿಕೊಂಡವರ ಹಾಗೆ ಅದನ್ನು ಹಾಕಿಕೊಂಡು ಮರೆತುಬಿಡಬೇಕು. “ಹೆದರ್ಕೊಂಡು ಹಾಕ್ಕೊಂಡ್ರೆ ಅದು ನಿನ್ನನ್ನ ಹಾಕ್ಕೊಂಡುಬಿಡುತ್ತೆ” ಎನ್ನುತ್ತಿದ್ದಳು. ಅಕ್ಕ ಗೊಣಗುತ್ತಲೇ ಆ ಅಂಗಿಗಳನ್ನೆಲ್ಲ ಹೊಲಿದುಕೊಟ್ಟಿದ್ದಳು. ಬಾಯಲ್ಲಿ ಎಷ್ಟೇ ಬೈದರೂ ಹೊಲಿಗೆಯಲ್ಲಿ ಒಂದು ಚುಕ್ಕೆಯನ್ನೂ ಮುರಿದವಳಲ್ಲ. ಮುಂಭಾಗದ ಅರ್ಧ ಚುಕ್ಕೆ ಹಿಂಭಾಗದ ಅರ್ಧ ಚುಕ್ಕೆಯನ್ನು ಪಕ್ಕದ ಹೊಲಿಗೆಯಲ್ಲಿ ಸರಿಯಾಗಿ ಸೇರಿ ಇಡಿಯಾಗಬೇಕು. ಹಾಗೆ ಕೂರಿಸಬಲ್ಲವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ, ಮತ್ತು ಅದು ಅಕ್ಕನಿಗೆ ಚೆನ್ನಾಗಿಯೇ ಗೊತ್ತಿತ್ತು.

ಅಂಗಡಿ ಎಂದರೆ ಮನೆಯ ಮುಂಗೋಣೆಯೇ. ಎರಡು ಮಷೀನು, ಕತ್ತರಿಸುವ ಉದ್ದನೆಯ ಮೇಜು, ಆಳೆತ್ತರದ ಕನ್ನಡಿ, ಕಿಟಕಿಯ ಪಕ್ಕ ಒಂದು ಎತ್ತರದ ಸ್ಟೂಲು. ಅಪ್ಪ ಅಮ್ಮ ಹೋದಾಗ ಅಕ್ಕನಿಗೆ ಇಪ್ಪತ್ತು, ತಂಗಿಗೆ ಹನ್ನೊಂದು. ಶಾಲೆಯಿಂದ ಬಂದವಳೇ ತಂಗಿ ಆ ಸ್ಟೂಲಿನ ಮೇಲೆ ಕೂತು ಅಳತೆ ಪುಸ್ತಕ ಬರೆಯುತ್ತಿದ್ದಳು. ಅಕ್ಕ ಟೇಪು ಹಿಡಿದು ಅಂಕಿ ಕೂಗಬೇಕು, ತಂಗಿ ಅದನ್ನೇ ಗಟ್ಟಿಯಾಗಿ ತಿರುಗಿ ಹೇಳಿ ಆಮೇಲೆ ಬರೆಯಬೇಕು. ಶುರುವಿನಲ್ಲಿ ಒಮ್ಮೆ ಬರೆಯುವುದು ತಪ್ಪಿ ಒಬ್ಬ ಹೆಡ್‌ಮಾಸ್ತರರ ಕೋಟು ಅವರ ಮಗನಿಗೂ ಆಗದಷ್ಟು ಚಿಕ್ಕದಾಗಿತ್ತು. ಅಂದಿನಿಂದ ಅದು ಕಟ್ಟಳೆ. “ಎದೆ ನಲವತ್ತು!” “ಎದೆ ನಲವತ್ತು!” ಕೆಲಸಕ್ಕೆ ಸೇರಿದ ಮೇಲೂ ರಜೆಯ ದಿನ ತಂಗಿ ಬಂದು ಕೂರುತ್ತಿದ್ದಳು, ಬೀದಿಯಲ್ಲಿ ಹೋಗುವವರಿಗೆಲ್ಲ ಗಿರಾಕಿಗಳ ಸೊಂಟದ ಸುತ್ತಳತೆ ತಿಳಿದುಹೋಗುತ್ತಿತ್ತು.

ಅಕ್ಕನ ಇನ್ನೊಂದು ಕಟ್ಟಳೆ, ಹಳೆಯ ಅಳತೆಗೆ ಬಟ್ಟೆ ಕತ್ತರಿಸಬಾರದು. ಹೋದ ತಿಂಗಳು ತಾನೇ ಹೊಲಿಸಿಕೊಂಡವರು ಬಂದರೂ ಟೇಪು ತೆಗೆಯುತ್ತಿದ್ದಳು. “ಮೈ ಅನ್ನೋದನ್ನ ನಂಬೋ ಹಾಗಿಲ್ಲ, ನಿನ್ನೆ ಇದ್ದಂಗೆ ಇವತ್ತಿರಲ್ಲ” ಎಂದು ಮುಲಾಜಿಲ್ಲದೆ ಕೈ ಎತ್ತಿಸುತ್ತಿದ್ದಳು.

ತಂಗಿ ಹಾಸಿಗೆ ಹಿಡಿದು ಎಂಟು ತಿಂಗಳಾಗಿತ್ತು. ಮೊದಲು ರಜೆ, ಆಮೇಲೆ ಆಸ್ಪತ್ರೆ, ಆಮೇಲೆ ಮತ್ತೆ ಆಸ್ಪತ್ರೆ. ಆ ಮಂಗಳವಾರ ಡಾಕ್ಟರು ಕಡತ ಮುಚ್ಚಿ, “ಇನ್ನು ಮನೆಯಲ್ಲೇ ಆರಾಮವಾಗಿರಲಿ” ಎಂದರು. ಆರಾಮ ಎಂದರೆ ಏನೆಂದು ಅಕ್ಕ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬರುವ ದಾರಿಯಲ್ಲಿ ತಂಗಿ ಟ್ಯಾಕ್ಸಿಯ ಕಿಟಕಿಗೆ ಹಣೆ ಒತ್ತಿ ಕೂತಿದ್ದವಳು ಮನೆ ಹತ್ತಿರವಾದಾಗ ಹೇಳಿದಳು, “ಅಕ್ಕ, ಶುಕ್ರವಾರ ನಾನು ಕೌಂಟರಿಗೆ ಹೋಗಿ ಬರ್ತೀನಿ. ಅಲ್ಲಿನ ಬೀರುವಿನ ಬೀಗದಕೈ ಇನ್ನೂ ನನ್ನ ಹತ್ರನೇ ಇದೆ.”

“ಯಾರನ್ನಾದ್ರೂ ಕಳಿಸ್ತೀವಿ ಅಂದಿದ್ರಲ್ಲ ಡಿಪೋದವರು.”

“ನಾನೇ ಕೊಡಬೇಕು. ಹೋಗಿ, ಅರ್ಧ ಗಂಟೆ ನನ್ನ ಕುರ್ಚಿಲಿ ಕೂತು, ಕೊಟ್ಟು ಬರ್ತೀನಿ. ರೋಗಿ ಥರ ಅಲ್ಲ. ಕೆಲಸಕ್ಕೆ ಹೋದ ಥರ. ಹಳೆ ಅಂಗಿಗಳೆಲ್ಲ ಗೂಟಕ್ಕೆ ನೇತು ಹಾಕಿದ ಹಾಗೆ ಕಾಣ್ತಿವೆ, ಹೊಸದೊಂದು ಹೊಲಿದುಕೊಡು. ಬಟ್ಟೆ ನನ್ನ ಬೀರುವಿನಲ್ಲಿದೆ.”

ಬಟ್ಟೆ ಅವಳು ಕಾಯಿಲೆಗೆ ಮೊದಲೇ ತಂದಿಟ್ಟದ್ದು. ಜೇನು ಬಣ್ಣದ ಮೇಲೆ ಅಂಗೈಯಗಲದ ಚುಕ್ಕೆಗಳು, ಸುತ್ತ ಒಡೆದ ಕಪ್ಪು ಉಂಗುರ. ಅವಳ ಹನ್ನೊಂದು ಅಂಗಿಗಳಲ್ಲೂ ಇಷ್ಟು ದಿಟ್ಟ ಚುಕ್ಕೆ ಇರಲಿಲ್ಲ. ಅಕ್ಕ ಅದನ್ನು ಮೇಜಿನ ಮೇಲೆ ಹರವಿದಳು, ಇಸ್ತ್ರಿ ಮಾಡಿದಳು, ಟೇಪನ್ನು ಕುತ್ತಿಗೆಗೆ ಹಾಕಿಕೊಂಡಳು. ಒಳಕೋಣೆಯಲ್ಲಿ ತಂಗಿ ಎಚ್ಚರವಾಗಿಯೇ ಇದ್ದಳು. ಹತ್ತು ಹೆಜ್ಜೆ ಹೋಗಿ ಅಳತೆ ತೆಗೆದುಕೊಂಡು ಬರುವುದು ಎಷ್ಟರ ಕೆಲಸ?

ಅಕ್ಕ ಹೋಗಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ದಿನವೂ ಅವಳಿಗೆ ಸ್ನಾನ ಮಾಡಿಸುವ ಕೈಗೆ ಎಲ್ಲವೂ ಗೊತ್ತಿತ್ತು. ಆದರೆ ಕೈಗೆ ಗೊತ್ತಿರುವುದು ಬೇರೆ, ಟೇಪು ಹೇಳುವುದು ಬೇರೆ. ಟೇಪು ಹೇಳಿದರೆ ಕೂಗಬೇಕು, ಕೂಗಿದರೆ ಪುಸ್ತಕಕ್ಕೆ ಹತ್ತುತ್ತದೆ, ಹತ್ತಿದ್ದು ಹತ್ತಿದಂತೆಯೇ. ಅಕ್ಕ ಹಳೆಯ ಅಳತೆ ಪುಸ್ತಕ ತೆಗೆದಳು. ಎರಡು ವರ್ಷದ ಹಿಂದಿನದು: ಎದೆ ಮೂವತ್ತಾರು, ಸೊಂಟ ಮೂವತ್ತು. ಅಕ್ಕನದೂ ಅದೇ ಅಳತೆ, ಒಬ್ಬರ ಸ್ವೆಟರು ಇನ್ನೊಬ್ಬರು ಹಾಕಿಕೊಳ್ಳುತ್ತಿದ್ದ ಕಾಲ. ನಾಲ್ಕು ದಿನ ಸರಿಯಾಗಿ ಉಂಡರೆ ತುಂಬಿಕೊಳ್ಳುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡು, ಮೂವತ್ತು ವರ್ಷ ಯಾರಿಗೂ ಮಾಡದ ಕೆಲಸವನ್ನು ಒಡಹುಟ್ಟಿದವಳಿಗೆ ಮಾಡಿದಳು. ಹಳೆಯ ಅಳತೆಗೆ ಕತ್ತರಿ ಹಾಕಿದಳು.

ಬುಧವಾರವೆಲ್ಲ ಚುಕ್ಕೆ ಹೊಂದಿಸುವುದರಲ್ಲೇ ಹೋಯಿತು. ಗುರುವಾರ ಹೊಲಿಗೆ. ಹೊಲಿದು ಮುಗಿಸಿ ಹಿಡಿದು ನೋಡಿದರೆ ಪಕ್ಕದಲ್ಲಿ ಹೊಲಿಗೆ ಎಲ್ಲಿದೆ ಎಂದು ಅಕ್ಕನೇ ಹುಡುಕಬೇಕಾಯಿತು. ಒಂದೊಂದು ಚುಕ್ಕೆಯೂ ಇಡಿ ಇಡಿಯಾಗಿ ಸುತ್ತಿ ಬಂದಿತ್ತು. ಅವಳು ತನ್ನ ಜೀವಮಾನದಲ್ಲಿ ಅಷ್ಟು ಚೆಂದದ ಕೆಲಸ ಮಾಡಿರಲಿಲ್ಲ.

ಶುಕ್ರವಾರ ಬೆಳಗ್ಗೆ ತಂಗಿ ತಾನಾಗಿ ಎದ್ದಳು, ತಲೆ ಬಾಚಿಸಿಕೊಂಡಳು, ಬೂದು ಲಂಗ ತೊಟ್ಟು ಸೊಂಟಕ್ಕೆ ಬೆಲ್ಟು ಬಿಗಿದಳು. ಮುಂಗೋಣೆಗೆ ನಡೆದುಬಂದು ಕನ್ನಡಿಯ ಮುಂದೆ ಅಂಗಿ ಹಾಕಿಕೊಂಡಳು. ಭುಜ ತೋಳಿನವರೆಗೆ ಜಾರಿತು. ಚುಕ್ಕೆಗಳು ಮೈಗೆ ತಾಗದೆ ಮಡಿಕೆ ಬಿದ್ದು ಒಂದರೊಳಗೊಂದು ಹೊಕ್ಕವು. ಚಿರತೆ ಬಣ್ಣದ ಪರದೆಯ ಹಿಂದೆ ಯಾರೋ ಬಚ್ಚಿಟ್ಟುಕೊಂಡು ತಲೆ ಮಾತ್ರ ಹೊರಗಿಟ್ಟ ಹಾಗಿತ್ತು.

ಬಹಳ ಹೊತ್ತು ಅವಳು ಕನ್ನಡಿ ನೋಡಿದಳು. ಆಮೇಲೆ, “ಈ ಚಿರತೆ ನನ್ನ ತಿಂದುಬಿಟ್ಟಿದೆ ಅಕ್ಕ” ಎಂದಳು. ನಗಲು ನೋಡಿದಳು, ಆಗಲಿಲ್ಲ. “ಯಾವ ಅಳತೆಗೆ ಹೊಲಿದೆ?”

ತಂಗಿ ಮೇಜಿನ ಮೇಲೆ ತೆರೆದೇ ಇದ್ದ ಪುಸ್ತಕ ನೋಡಿದಳು, ತನ್ನದೇ ಅಕ್ಷರದ ಹಳೆಯ ತಾರೀಕು ನೋಡಿದಳು.

“ಪಕ್ಕದ ಮನೆ ಅಜ್ಜಿಯ ದಿಂಬಿನ ಚೀಲಕ್ಕೂ ಎರಡು ಸಲ ಟೇಪು ಹಿಡಿಯೋಳು ನೀನು. ನನ್ನ ಅಳೆಯೋಕೆ ಹೆದರಿಕೆ ಆಯ್ತಾ?”

“ಹೆದರಿಕೆ ಎಂಥದ್ದು! ಊಟ ಮಾಡು ಅಂದ್ರೆ ಮೂಸಿ ನೋಡಿ ಏಳ್ತೀಯ. ತುಂಬ್ಕೊಳ್ತೀಯ ಅಂತ ಬಿಟ್ಟು ಹೊಲಿದೆ. ಅದೇ ತಪ್ಪಾಯ್ತಾ?” ಅಕ್ಕನ ದನಿ ಜೋರಾಯಿತು. ತಪ್ಪು ತನ್ನದೇ ಆದಾಗ ಜೋರಾಗುವ ದನಿ ಅದು.

“ಸರಿ ಬಿಡು. ಹಿಂದುಗಡೆ ನಾಲ್ಕು ಪಿನ್ನು ಹಾಕು. ಮೇಲೆ ಸ್ವೆಟರು ಹಾಕ್ಕೊಳ್ತೀನಿ, ಯಾರಿಗೂ ಕಾಣಲ್ಲ. ಹೋಗಿ ಬಂದುಬಿಡೋಣ. ಇವತ್ತು ಕಾಲು ನಿಲ್ತಿದೆ.”

ಅಲ್ಲಿಗೆ ಒಪ್ಪಿಕೊಂಡಿದ್ದರೆ ಆಗುತ್ತಿತ್ತು. ಆದರೆ ಅಕ್ಕನಿಗೆ ಹೆದರಿಕೆಯ ಜೊತೆ ಹೆಮ್ಮೆಯೂ ಇತ್ತಲ್ಲ, ಒಂದು ಸಾಲದೆಂದು ಇನ್ನೊಂದು. “ಪಿನ್ನು ಚುಚ್ಕೊಂಡು ನನ್ನ ತಂಗಿ ಆಫೀಸಿಗೆ ಹೋಗೋದಾ? ನನ್ನ ಕೈಯಲ್ಲಿ ಹೊಲಿಸ್ಕೊಂಡು? ಸೋಮವಾರ ಹೋಗು. ಅಷ್ಟರಲ್ಲಿ ಸರಿ ಮಾಡಿಕೊಡ್ತೀನಿ.”

ಶನಿವಾರ ಭಾನುವಾರ ಕೌಂಟರಿಗೆ ರಜೆ. ತಂಗಿ ಗೋಡೆಯ ಗಡಿಯಾರ ನೋಡಿದಳು, ವಾದ ಮಾಡಲಿಲ್ಲ. ಅಂಗಿ ಬಿಚ್ಚಿ ಕೊಟ್ಟು, ಹಳೆಯ ಸ್ಟೂಲನ್ನು ಎಳೆದುಕೊಂಡು, ಪೆನ್ಸಿಲು ಹಿಡಿದಳು.

“ಹಾಗಾದ್ರೆ ಸರಿಯಾಗಿ ಅಳೆ. ನೀನು ಕೂಗು, ನಾನು ತಿರುಗಿ ಹೇಳಿ ಬರೀತೀನಿ.”

ಅಕ್ಕ ಟೇಪನ್ನು ಅವಳ ಎದೆಯ ಸುತ್ತ ತಂದಳು. ಟೇಪು ಸುತ್ತಿ ಬಂದು ಎರಡು ತುದಿ ಸೇರಿದ ಜಾಗ ನೋಡಿದಳು.

“ಎದೆ ಮೂವತ್ತನಾಲ್ಕು” ಎಂದಳು.

ತಂಗಿ ತಲೆ ಬಗ್ಗಿಸಿ ಟೇಪು ನೋಡಿ, “ಎದೆ ಇಪ್ಪತ್ತೊಂಬತ್ತು” ಎಂದು ಗಟ್ಟಿಯಾಗಿ ಹೇಳಿ ಬರೆದಳು.

“ಸೊಂಟ… ಇಪ್ಪತ್ತೆಂಟು.”

“ಸೊಂಟ ಇಪ್ಪತ್ತಮೂರು.”

ಭುಜಕ್ಕೆ ಬಂದಾಗ ಅಕ್ಕನಿಗೆ ಸುಳ್ಳೂ ಹೊರಡಲಿಲ್ಲ. ಟೇಪು ಹಿಡಿದು ನಿಂತಳು. ತಂಗಿ ಕನ್ನಡಿಯಲ್ಲಿ ಅಕ್ಕನ ಮುಖ ನೋಡುತ್ತ ಕಾದಳು. “ಹೇಳು ಅಕ್ಕ. ಒಂದಾದ್ರೂ ನೀನೇ ಹೇಳು. ನೀನು ಹೇಳಿದ್ರೆ ನಂಗೆ ಧೈರ್ಯ” ಎಂದಳು. ಕೊನೆಗೆ ತಂಗಿಯೇ ಕತ್ತು ತಿರುಗಿಸಿ, ಟೇಪಿನ ಮೇಲಿನ ಅಂಕಿಯನ್ನು ಕಷ್ಟಪಟ್ಟು ಓದಿ, ತಾನೇ ಕೂಗಿ, ತಾನೇ ತಿರುಗಿ ಹೇಳಿ, ತಾನೇ ಬರೆದಳು.

ಶನಿವಾರವೆಲ್ಲ ಅಕ್ಕ ಚುಕ್ಕೆಗಳ ಜೊತೆ ಗುದ್ದಾಡಿದಳು. ಪಕ್ಕದ ಹೊಲಿಗೆಯನ್ನು ಅಷ್ಟು ಒಳಗೆ ಸರಿಸಿದರೆ ಅರ್ಧ ಚುಕ್ಕೆಗೆ ಯಾವುದೋ ಇನ್ನೊಂದರ ಚೂರು ಬಂದು ಸೇರುತ್ತಿತ್ತು. ಮೇಲೆಳೆದಳು, ಕೆಳಗೆಳೆದಳು, ಪಿನ್ನು ಹಾಕಿ ತೆಗೆದಳು. ಕೂಡಲಿಲ್ಲ. ಒಳಕೋಣೆಯಿಂದ ತಂಗಿ ಕೇಳಿಸಿಕೊಳ್ಳುತ್ತಿದ್ದವಳು, “ಮುರಿದ್ರೆ ಮುರೀಲಿ ಬಿಡು ಅಕ್ಕ, ಯಾರು ನೋಡ್ತಾರೆ” ಎಂದಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ, “ಒಳಗಿನ ಹೆಚ್ಚಿನ ಬಟ್ಟೆ ಮಾತ್ರ ಕತ್ತರಿಸಬೇಡ. ಹಳೆ ಹೊಲಿಗೆನೂ ಹಾಗೇ ಇರಲಿ, ಅದರ ಒಳಗೆ ಇನ್ನೊಂದು ಹಾಕು.”

“ತುಂಬ್ಕೊಂಡ ಮೇಲೆ ಬಿಚ್ಚೋಕೆ ಆಗುತ್ತೆ, ಅಲ್ವಾ?” ಎಂದಳು ಅಕ್ಕ, ಆಸೆಯಿಂದ.

“ನಿಂದೂ ಅದೇ ಅಳತೆ ಅಲ್ವಾ” ಎಂದಳು ತಂಗಿ.

“ಬಾಯಿ ಮುಚ್ಕೊಂಡು ಮಲಗು” ಎಂದು ಅಕ್ಕ ಗದರಿದಳು. ಮಷೀನಿನ ಗಾಲಿ ಜೋರಾಗಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತಳು.

ಭಾನುವಾರ ಸಂಜೆಗೆ ಅಂಗಿ ಮುಗಿಯಿತು. ಪಕ್ಕದಲ್ಲಿ ಮೇಲಿನಿಂದ ಕೆಳಗಿನವರೆಗೆ ಮುರಿದ ಚುಕ್ಕೆಗಳ ಸಾಲು. ಆದರೆ ಅಳತೆ ಅಳತೆಯೇ.

ಸೋಮವಾರ ತಂಗಿಗೆ ಏಳಲಾಗಲಿಲ್ಲ. ಒಮ್ಮೆ ಕೂತಳು, ಕಾಲು ಕೆಳಗಿಟ್ಟಳು, ನೆಲವನ್ನೇ ನೋಡುತ್ತ ಇದ್ದು ಮತ್ತೆ ಒರಗಿದಳು. “ಕಾಲು ನಿಲ್ತಿಲ್ಲ” ಎಂದಳು. ಶುಕ್ರವಾರ ನಿಂತಿತ್ತು ಎಂದು ಅವಳು ಹೇಳಲಿಲ್ಲ. ಅವಳು ಹೇಳದೆ ಬಿಟ್ಟದ್ದು ಅಕ್ಕನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

“ಅಂಗಿ ಹಾಕು. ಹಾಕ್ಕೊಂಡು ಕೂತಿರ್ತೀನಿ.”

ಅಕ್ಕ ಅಂಗಿ ಹಾಕಿದಳು. ಮೇಲೆ ಕಂದು ಸ್ವೆಟರು. ಅಭ್ಯಾಸಬಲದಿಂದ ಗುಂಡಿಗೆ ಕೈ ಹಾಕಿದಾಗ ತಂಗಿ ಕೈ ತಳ್ಳಿದಳು, “ಗುಂಡಿ ಹಾಕಬಾರದು ಅಂತ ಎಷ್ಟು ಸಲ ಹೇಳೋದು ನಿಂಗೆ.” ಅಕ್ಕ ಅವಳನ್ನು ಎತ್ತಿಕೊಂಡು ಹೋಗಿ, ಹೌದು, ಎತ್ತಿಕೊಂಡೇ ಹೋಗಿ, ಮುಂಗೋಣೆಯ ಕಿಟಕಿಯ ಪಕ್ಕ ಕುರ್ಚಿಯಲ್ಲಿ ದಿಂಬು ಕೊಟ್ಟು ಕೂರಿಸಿದಳು. ಭುಜ ಭುಜದ ಮೇಲೇ ಕೂತಿತ್ತು. ಚಿರತೆ ಅವಳನ್ನು ತಿಂದಿರಲಿಲ್ಲ. ಸಣ್ಣಗಾಗಿದ್ದಳು, ಅಷ್ಟೆ, ಅವಳೇ ಆಗಿದ್ದಳು. ಬೀದಿಯಲ್ಲಿ ಹೋಗುತ್ತಿದ್ದ ಅಂಚೆಯವನು ಕಿಟಕಿಯತ್ತ ನೋಡಿ, ಗುರುತು ಹಿಡಿದು, ಸೈಕಲ್ಲಿನ ಗಂಟೆ ಬಾರಿಸಿ ಕೈ ಎತ್ತಿದ. ತಂಗಿಯೂ ಕೈ ಎತ್ತಿದಳು. ನಲವತ್ತು ನಿಮಿಷ ಕೂತಿದ್ದಳು. ಅಷ್ಟರಲ್ಲಿ ಡಿಪೋಗೆ ಹೋಗುವ ಬಸ್ಸು ಮೂರು ಸಲ ಹೋಯಿತು.

“ನಾನು ಶುಕ್ರವಾರನೇ ಕಳಿಸಬೇಕಿತ್ತು” ಎಂದಳು ಅಕ್ಕ, ಅವಳ ಕಾಲ ಬಳಿ ಕೂತು. “ಪಿನ್ನು ಹಾಕಿದ್ರೆ ಏನಾಗ್ತಿತ್ತು? ಮೊದಲೇ ಟೇಪು ಹಿಡಿದಿದ್ರೆ ಏನಾಗ್ತಿತ್ತು?”

ತಂಗಿ ಅವಳ ತಲೆಯ ಮೇಲೆ ಅಂಟಿದ್ದ ನೂಲಿನ ಎಳೆ ತೆಗೆದಳು. “ಬೀಗದಕೈ ನೀನೇ ಕೊಟ್ಟು ಬಾ” ಎಂದಳು.

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ತಂಗಿ ಹೋದಳು. ಅದರ ಬಗ್ಗೆ ಹೇಳಲು ಅಕ್ಕನಿಗೆ ಹೆಚ್ಚೇನೂ ಇರಲಿಲ್ಲ, ನಮಗೂ ಇಲ್ಲ. ಉಸಿರು ನಿಂತಿತು, ಮನೆ ನಿಂತಿತು.

ಮೂರು ವಾರ ಅಂಗಡಿ ತೆರೆಯಲಿಲ್ಲ. ನಾಲ್ಕನೆಯ ವಾರದ ಮಂಗಳವಾರ ಅಕ್ಕ ಅಂಗಿಯನ್ನು ಮೇಜಿನ ಮೇಲೆ ಹಾಕಿ, ಬ್ಲೇಡು ತೆಗೆದುಕೊಂಡು, ಒಳಗಿನ ಹೊಲಿಗೆಯನ್ನು ಒಂದೊಂದೇ ಎಳೆಯಾಗಿ ಬಿಚ್ಚಿದಳು. ಮೊದಲಿನ ಹೊಲಿಗೆ ಹಾಗೇ ಇತ್ತು. ಬಿಚ್ಚುತ್ತ ಹೋದಂತೆ ಮುರಿದ ಚುಕ್ಕೆಗಳು ಒಂದೊಂದಾಗಿ ಇಡಿಯಾದವು. ಅವಳು ಬೂದು ಲಂಗದ ಮೇಲೆ ಅದನ್ನು ತೊಟ್ಟಳು. ಹೇಳಿ ಮಾಡಿಸಿದ ಹಾಗೆ ಕೂತಿತು. ತಂಗಿಗೆಂದು ಜೀವ ತೇಯ್ದು ಹೊಲಿದದ್ದು ಕಡೆಗೂ ತನ್ನ ಮೈಗೇ ಹೊಲಿದದ್ದಾಗಿತ್ತಲ್ಲ ಎಂದು ಅಕ್ಕ ಕನ್ನಡಿಯ ಮುಂದೆ ಕುಸಿದಳು. ಎದ್ದು ಮುಖ ತೊಳೆದು, ಕಂದು ಸ್ವೆಟರು ಹಾಕಿ, ಗುಂಡಿ ಹಾಕದೆ ಹೊರಟಳು.

ಬಿಚ್ಚಿದ ಹೊಲಿಗೆಯ ಸೂಜಿ ತೂತುಗಳು ಮಾತ್ರ ಉಳಿದಿದ್ದವು. ಎರಡೂ ಪಕ್ಕದಲ್ಲಿ ಮೇಲಿನಿಂದ ಕೆಳಗೆ ಸಣ್ಣ ಸಣ್ಣ ತೂತಿನ ಗೆರೆ. ನೀರು ಚಿಮುಕಿಸಿ ಇಸ್ತ್ರಿ ಒತ್ತಿದರೆ ಹೋಗುತ್ತವೆ ಎಂದು ಅವಳಿಗೆ ಗೊತ್ತಿತ್ತು. ಒತ್ತಲಿಲ್ಲ. ತಂಗಿ ಎಲ್ಲಿಯವರೆಗೆ ಇದ್ದಳು ಎಂಬುದಕ್ಕೆ ಆ ಗೆರೆಯೊಂದೇ ಗುರುತು.

ಬಸ್ಸಿನಲ್ಲಿ ಜನ ನೋಡಿದರು. ಅಕ್ಕ ಬಿಳಿ ಅಂಗಿ ಹಾಕಿಕೊಂಡವಳ ಹಾಗೆ ಕೂತಿರಲು ಪ್ರಯತ್ನಪಟ್ಟಳು. ಕೌಂಟರಿನ ಮುಂದೆ ಇಬ್ಬರಿದ್ದರು. ಛತ್ರಿ ಕಳೆದುಕೊಂಡು ಸೊರಗಿ ನಿಂತಿದ್ದ ಮುದುಕರೊಬ್ಬರು ತಿರುಗಿ ಅವಳ ಅಂಗಿ ನೋಡಿದರು, ಒಂದು ಗಳಿಗೆ ಅವರ ಹುಬ್ಬಿನ ಗಂಟು ಬಿಚ್ಚಿತು. ಕಿಟಕಿಯೊಳಗೆ ಹೊಸಬಳೊಬ್ಬಳು ರಿಜಿಸ್ಟರ್ ತೆರೆದು ಪೆನ್ನು ಹಿಡಿದಳು.

“ಏನು ಕಳ್ಕೊಂಡಿದೀರಮ್ಮಾ?”

“ಕೊಡೋಕೆ ಬಂದೆ” ಎಂದು ಅಕ್ಕ ಬೀಗದಕೈ ಮುಂದಿಟ್ಟಳು.

ಹೊಸಬಳಿಗೆ ಅರ್ಥವಾಯಿತು. ಎದ್ದು ನಿಂತಳು. ಹೇಳಲು ಸುಲಭವಾದದ್ದನ್ನು ಹೇಳಿದಳು. “ಅಂಗಿ ತುಂಬ ಚೆನ್ನಾಗಿ ಕೂತಿದೆ. ನಿಮ್ಮ ಅಳತೆಗೇ ಹೊಲಿದದ್ದಾ?”

ಅಕ್ಕನ ಕೈ ಪಕ್ಕದ ಹೊಲಿಗೆಗೆ ಹೋಯಿತು. ಬೆರಳಿಗೆ ತೂತುಗಳ ಗೆರೆ ಸಿಕ್ಕಿತು.

“ಅಲ್ಲ. ನನ್ನ ತಂಗಿ ಅಳತೆ” ಎಂದಳು. ಆಮೇಲೆ, ಅಂಗಡಿಯಲ್ಲಿ ಟೇಪು ಹಿಡಿದು ಕೂಗುವ ದನಿಯಲ್ಲಿ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, ಅಂದು ಬಾಯಿಗೆ ಬಾರದೇ ಹೋದದ್ದನ್ನು ಹೇಳಿದಳು: “ಎದೆ ಇಪ್ಪತ್ತೊಂಬತ್ತು.”

ಹೇಳಿ, ಅಭ್ಯಾಸದಂತೆ ಕಾದಳು. ತಿರುಗಿ ಹೇಳುವವರು ಯಾರೂ ಇರಲಿಲ್ಲ.